ಮಾಣಿಯ ಸಂಬಳ

2024ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಮುಲುಂಡಿನಲ್ಲಿ ನಮ್ಮವರದ್ದೇ ಒಂದು ಸಮಾರಂಭ. ಎಸ್.ಎಸ್.ಸಿ., ಎಚ್.ಎಸ್.ಸಿ.ಯಲ್ಲಿ ಒಳ್ಳೆ ಮಾರ್ಕು ತೆಗೆದ ಮಕ್ಕಳಿಗೆ ಒಂದು ಶಾಲು, ಒಂದು ಸ್ಮರಣಿಕೆ, ಒಂದು ಲಕೋಟೆ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, "ನೀವು ರಾತ್ರಿ ಹಗಲು ಓದಿ ತೊಂಬತ್ತೆರಡು ಪರ್ಸೆಂಟ್ ತೆಗೆದಿರಿ. ನಿಮಗೆ ಸಿಕ್ಕಿದ್ದು ಐನೂರು ರೂಪಾಯಿ. ಬಿಹಾರದ ಹದಿಮೂರು ವರ್ಷದ ಒಬ್ಬ ಹುಡುಗ ಬ್ಯಾಟು ಬೀಸಿದ್ದಕ್ಕೆ ಒಂದು ಕೋಟಿ ಹತ್ತು ಲಕ್ಷ! ದೇಶ ಎಲ್ಲಿಗೆ ಹೋಗ್ತಾ ಉಂಟು ಮಾರಾಯ್ರೆ?" ಅಂತ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಇಂಥ ಸಭೆಗಳಲ್ಲಿ ಕೈ ತನ್ನಷ್ಟಕ್ಕೇ ಚಪ್ಪಾಳೆ ತಟ್ಟುತ್ತದೆ.

ಊಟದ ಪಂಕ್ತಿಯಲ್ಲಿ ಕೂತ ಮೇಲೆ ಸುತ್ತ ಒಮ್ಮೆ ನೋಡಿದೆ. ಬಂದವರಲ್ಲಿ ಅರ್ಧಕ್ಕರ್ಧ ಹೋಟೆಲಿನ ಕುಟುಂಬಗಳು. ನಮ್ಮ ತಂದೆಯವರು ಹನ್ನೊಂದನೇ ವಯಸ್ಸಿಗೆ ಬೊಂಬಾಯಿಗೆ ಬಂದು ಗ್ಲಾಸು ತೊಳೆದವರು ಅಂತ ಎದೆಯುಬ್ಬಿಸಿ ಹೇಳುವವರು. ಆ ಹನ್ನೊಂದು ವರ್ಷದ ಹುಡುಗನಿಗೆ ತಿಂಗಳಿಗೆ ಎಷ್ಟು ಕೊಟ್ಟರು, ಯಾರ ಕೈಗೆ ಕೊಟ್ಟರು ಎಂದು ನಮ್ಮ ಯಾವ ಸಮಾರಂಭದಲ್ಲಾದರೂ ಯಾರಾದರೂ ಕೇಳಿದ್ದುಂಟೆ? ನಲವತ್ತು ವರ್ಷದಿಂದ ಇಂಥ ಸಭೆಗಳಲ್ಲಿ ಊಟ ಮಾಡಿದ್ದೇನೆ, ನಾನಂತೂ ಕೇಳಿಲ್ಲ. ಚಿಕ್ಕ ಹುಡುಗ ಮನೆ ಬಿಟ್ಟು ದುಡಿಯುವುದು ನಮಗೆ ಆಕ್ಷೇಪವಲ್ಲ. ಅವನಿಗೆ ದೊಡ್ಡ ಮೊತ್ತ ಸಿಕ್ಕಿತಲ್ಲ, ಅದು ಆಕ್ಷೇಪ. ಈ ಮಾತನ್ನು ಅಲ್ಲೇ ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ, ಪಾಯಸ ಬಡಿಸಿಕೊಂಡೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ನನ್ನ ಅಣ್ಣನ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಕುಂದಾಪುರದ ಕಡೆ 'ಮಾಣಿ' ಎಂದರೆ ಹುಡುಗ, ಮನೆಯ ಮಗ. ಅದೇ ಶಬ್ದ ಘಟ್ಟ ಹತ್ತಿ ಹೋಟೆಲಿಗೆ ಬಂದರೆ ಟೇಬಲ್ ಒರೆಸುವವನು. ನಮ್ಮಣ್ಣ 1966ರಲ್ಲಿ, ಹನ್ನೆರಡನೇ ವಯಸ್ಸಿಗೆ, ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಬಂದ. ಊರಿಗೆ ಬಂದಿದ್ದ ಹೋಟೆಲಿನ ಧಣಿಯೊಬ್ಬರು ನಮ್ಮ ತಂದೆಯ ಕೈಗೆ ಐವತ್ತು ರೂಪಾಯಿ ಮುಂಗಡ ಕೊಟ್ಟು ಅವನನ್ನು ಕರೆದುಕೊಂಡು ಹೋದರು. ಊಟ, ವಸತಿ, ತಿಂಗಳಿಗೆ ಹದಿನೈದು ರೂಪಾಯಿ. "ಹುಡುಗನ ಕೈಯಲ್ಲಿ ದುಡ್ಡಿದ್ರೆ ಸಿನಿಮಾ ನೋಡಿ ಹಾಳಾಗ್ತಾನೆ, ಸಂಬಳ ನನ್ ಹತ್ರ ಇರ್ಲಿ" ಅಂದರಂತೆ ಧಣಿ. ನಾಲ್ಕು ವರ್ಷದ ನಂತರ ಅಣ್ಣ ಆ ಹೋಟೆಲು ಬಿಟ್ಟಾಗ ಲೆಕ್ಕ ಹೀಗಿತ್ತು: ಸಂಬಳ 720. ಮುಂಗಡ ವಜಾ 50. ಊರಿಗೆ ಕಳಿಸಿದ ಮನಿಯಾರ್ಡರುಗಳು 200. ಉಳಿಯಬೇಕಾದ್ದು 470. ಕೈಗೆ ಸಿಕ್ಕಿದ್ದು 110. ಮಿಕ್ಕ 360 ಎಲ್ಲಿ ಅಂದರೆ, ಒಡೆದ ಗ್ಲಾಸು. ಆಗ ಗ್ಲಾಸಿಗೆ ನಾಲ್ಕಾಣೆ. ನಾಲ್ಕು ವರ್ಷ, ಭಾನುವಾರವೂ ಬಿಡದೆ, ದಿನಕ್ಕೊಂದರಂತೆ ಒಡೆದಿದ್ದರೆ ಮಾತ್ರ ಆ ಲೆಕ್ಕ ತಾಳೆಯಾಗುತ್ತದೆ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ತಾಳೆ ಹಾಕಿದವನು ನಾನು. ಇಷ್ಟು ಹಳೆಯ, ಇಷ್ಟು ಸಣ್ಣ ಲೆಕ್ಕ ನನ್ನನ್ನು ಇವತ್ತಿಗೂ ಕಾಡುತ್ತದೆ.

ಎಲ್ಲ ಧಣಿಗಳೂ ಹಾಗಿರಲಿಲ್ಲ. ಹುಡುಗರನ್ನು ಸಂಜೆ ಕೋಟೆಯ ರಾತ್ರಿ ಶಾಲೆಗೆ ತಾವೇ ಅಟ್ಟಿದವರಿದ್ದರು. ಮಾಣಿಯಾಗಿ ಬಂದವನನ್ನು ಪಾಲುದಾರನನ್ನಾಗಿ ಮಾಡಿಕೊಂಡವರೂ ಇದ್ದರು. ಹಾಗೆ ಮೇಲೆ ಬಂದವರ ಚರಿತ್ರೆಯನ್ನು ನಾವು ಸ್ಮರಣ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ, ಹಾಕಬೇಕಾದ್ದೇ. ಮೇಲೆ ಬಾರದವರ ಲೆಕ್ಕ ಮಾತ್ರ ಅಚ್ಚಾಗುವುದಿಲ್ಲ. ಅಣ್ಣ ಮುಂದೆ ಮುಲುಂಡಿನ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ಹಿಡಿದ. ನನ್ನ ಬಿ.ಕಾಂ., ಎಂ.ಕಾಂ. ಎರಡರ ಫೀಸೂ ಆ ಕ್ಯಾಂಟೀನಿನ ಉಪ್ಪಿಟ್ಟು ಚಹಾದಿಂದ ಬಂದದ್ದು.

ಈಗ ಆ ಒಂದು ಕೋಟಿ ಹತ್ತು ಲಕ್ಷಕ್ಕೆ ಬರೋಣ. 2024ರ ನವೆಂಬರ್ 25ರಂದು ಸೌದಿಯ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಸಮಸ್ತಿಪುರ ಜಿಲ್ಲೆಯ ವೈಭವ್ ಸೂರ್ಯವಂಶಿ ಎಂಬ ಹುಡುಗನ ಹೆಸರು ಬಂತು. ಮೂಲ ಬೆಲೆ 30 ಲಕ್ಷ. ದೆಹಲಿ ತಂಡ ಪೈಪೋಟಿ ಕೊಟ್ಟಿತು, ಕೊನೆಗೆ ರಾಜಸ್ಥಾನದವರು 1 ಕೋಟಿ 10 ಲಕ್ಷಕ್ಕೆ ತೆಗೆದುಕೊಂಡರು. ಮಗನ ಆಟಕ್ಕಾಗಿ ಹೊಲ ಮಾರಿದ್ದೇನೆಂದು ತಂದೆ ಪತ್ರಿಕೆಗಳಿಗೆ ಹೇಳಿದ್ದರು. ಒಂದು ವರ್ಷ ಕಳೆದು 2025ರ ಡಿಸೆಂಬರ್ 16ರಂದು ಅಬುಧಾಬಿಯ ಹರಾಜಿನಲ್ಲಿ ಚೆನ್ನೈ ತಂಡ ಪ್ರಶಾಂತ್ ವೀರ್, ಕಾರ್ತಿಕ್ ಶರ್ಮಾ ಎಂಬ ಇಬ್ಬರು ಹುಡುಗರಿಗೆ ತಲಾ 14 ಕೋಟಿ 20 ಲಕ್ಷ ಕೊಟ್ಟಿತು. ಒಬ್ಬನಿಗೆ ಇಪ್ಪತ್ತು, ಇನ್ನೊಬ್ಬನಿಗೆ ಹತ್ತೊಂಬತ್ತು ವರ್ಷ. ಇಬ್ಬರೂ ಭಾರತ ತಂಡಕ್ಕೆ ಒಂದು ಪಂದ್ಯವನ್ನೂ ಆಡಿದವರಲ್ಲ. ಮಾರನೇ ದಿನ ಬೆಳಿಗ್ಗೆ ನಮ್ಮ ವಾಕಿಂಗ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. "ಇಷ್ಟು ಸಣ್ಣ ಪ್ರಾಯಕ್ಕೆ ಇಷ್ಟು ದುಡ್ಡು ಕೊಟ್ರೆ ತಲೆ ತಿರುಗದೆ ಇರ್ತದಾ?" ಅಂತ ಒಬ್ಬರು. ಅವರ ಮಗ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೆಲಸ ಹಿಡಿದು ಅಮೆರಿಕಕ್ಕೆ ಹೋದಾಗ, ಸೇರುವ ಮೊದಲೇ ಕಂಪನಿ ಕೊಟ್ಟ ಜಾಯಿನಿಂಗ್ ಬೋನಸ್ಸನ್ನು ಡಾಲರಿನಿಂದ ರೂಪಾಯಿಗೆ ಗುಣಿಸಿ ಗುಣಿಸಿ ಇದೇ ಗಾರ್ಡನ್ನಿನಲ್ಲಿ ಮೂರು ಸುತ್ತು ಹೇಳಿದ್ದರು. ಆಗ ಯಾರ ತಲೆಯೂ ತಿರುಗಿರಲಿಲ್ಲ.

ದುಡ್ಡು ಹೆಚ್ಚಾಯಿತು ಎನ್ನುವವರು ಯಾವುದಕ್ಕೆ ಹೋಲಿಸಿ ಹೆಚ್ಚು ಎನ್ನುವುದನ್ನು ಹೇಳಬೇಕು. ಶಾಲಾ ಮಾಸ್ತರರ ಸಂಬಳಕ್ಕೆ ಹೋಲಿಸಿದರೆ ಹೌದು, ಹೆಚ್ಚು. ಆದರೆ ಆ ಹುಡುಗರು ಆಡದೇ ಇದ್ದರೆ ಆ ಹಣ ಮಾಸ್ತರರಿಗೆ ಹೋಗುತ್ತಿತ್ತೇ? ಐಪಿಎಲ್‌ನ 2023ರಿಂದ 2027ರವರೆಗಿನ ಐದು ವರ್ಷದ ಪ್ರಸಾರದ ಹಕ್ಕು 2022ರ ಜೂನಿನಲ್ಲಿ 48,390 ಕೋಟಿಗೆ ಮಾರಾಟವಾಯಿತು. ವರ್ಷಕ್ಕೆ 9,678 ಕೋಟಿ. ಟಿಕೆಟ್ಟು, ಅಂಗಿಯ ಮೇಲಿನ ಜಾಹೀರಾತು ಎಲ್ಲ ಬೇರೆ. 2026ರ ಸೀಸನ್ನಿಗೆ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ 125 ಕೋಟಿ. ಹತ್ತು ತಂಡ, 1,250 ಕೋಟಿ. 2025ರಿಂದ ಪಂದ್ಯವೊಂದಕ್ಕೆ ಏಳೂವರೆ ಲಕ್ಷದಂತೆ ಕೊಡುವ ಮ್ಯಾಚ್ ಫೀ ಸೇರಿಸಿ, ತಂಡಕ್ಕೆ 12 ಕೋಟಿ 60 ಲಕ್ಷ. ಒಟ್ಟು 1,376 ಕೋಟಿ. ಅಂದರೆ ಬರೀ ಟಿವಿ-ಮೊಬೈಲಿನ ಹಣದಲ್ಲೇ ಏಳರಲ್ಲಿ ಒಂದು ಪಾಲು ಆಡುವವರಿಗೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಟದಿಂದ ಬರುವ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ ಹೋಗಬೇಕೆಂದು ಸಂಘದೊಡನೆ ಒಪ್ಪಂದವೇ ಇದೆ. ನಮ್ಮವರಿಗೆ ಸಂಘವೂ ಇಲ್ಲ, ಒಪ್ಪಂದವೂ ಇಲ್ಲ. ಏಳಾಣೆ ವ್ಯಾಪಾರ ಮಾಡಿಕೊಟ್ಟು ಒಂದಾಣೆ ಪಡೆದ ಹುಡುಗನನ್ನು ನಾವು ದುರಾಸೆಯವನೆನ್ನುತ್ತೇವೆ, ಆರಾಣೆ ಇಟ್ಟುಕೊಂಡವರ ಸುದ್ದಿ ಎತ್ತುವುದಿಲ್ಲ.

"ಹಾಗಾದ್ರೆ ಸರಕಾರಿ ನೌಕರಿಯ ಹಾಗೆ ಹುಡುಗರಿಗೆ ಒಂದು ಸ್ಕೇಲ್ ಇಡ್ಲಿ" ಎಂದು ಇನ್ನೊಬ್ಬರು, ನನ್ನ ಹಾಗೇ ನಿವೃತ್ತರು. ಇಟ್ಟು ನೋಡಿದ್ದಾಗಿದೆ ಸ್ವಾಮಿ. 2011ರ ಸುಮಾರಿಗೆ ಭಾರತಕ್ಕೆ ಆಡದ ಹುಡುಗರಿಗೆ ರಣಜಿಯ ಅನುಭವ ನೋಡಿ 10, 20, 30 ಲಕ್ಷ ಎಂದು ಮೂರು ಸ್ಲ್ಯಾಬ್ ಇತ್ತು. ನಮ್ಮ ಕರ್ನಾಟಕದ ಮನೀಶ್ ಪಾಂಡೆ 2009ರಲ್ಲಿ ಬೆಂಗಳೂರು ತಂಡಕ್ಕೆ ಆಡಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. ಅವರೂ ಸ್ಲ್ಯಾಬಿನೊಳಗೇ. ಎರಡು ವರ್ಷದ ಮೇಲೆ, ನಿಯಮ ಮೀರಿ ತಂಡಗಳೊಡನೆ ಮಾತುಕತೆ ನಡೆಸಿದರು ಅಂತ ನಾಲ್ಕು ಪಂದ್ಯ ಕೂರಿಸಿದರು. ಬೆಲೆ ಕಟ್ಟಿಟ್ಟ ಕಡೆ ವ್ಯವಹಾರ ಹಿತ್ತಿಲ ಬಾಗಿಲಿನಿಂದ ನಡೆಯುತ್ತದೆ ಎಂಬುದು ಸಿಮೆಂಟಿಗೂ ಸಕ್ಕರೆಗೂ ಕಂಟ್ರೋಲ್ ಇದ್ದ ಕಾಲ ಕಂಡ ನಮಗೆ ಹೊಸತೇನಲ್ಲ. 2014ರಿಂದ ಇಂಥ ಹುಡುಗರನ್ನೂ ಹರಾಜಿಗೆ ತಂದದ್ದರಿಂದ ಕನಿಷ್ಠ ಪಕ್ಷ ಅಂಕಿ ಎಲ್ಲರಿಗೂ ಕಾಣುವಂತಾಯಿತು.

ಆದರೂ 'ಹರಾಜು' ಎಂಬ ಶಬ್ದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಬ್ಯಾಂಕಿನಲ್ಲಿ ನಾವು ಹರಾಜು ಹಾಕುತ್ತಿದ್ದುದು ಸಾಲ ಕಟ್ಟಲಾಗದವರ ಒಡವೆಯನ್ನು. ಅದಕ್ಕೂ ನೋಟೀಸು ಕೊಡಬೇಕಿತ್ತು, ಮೇಲೆ ಉಳಿದ ಹಣವನ್ನು ಒಡವೆಯವರಿಗೆ ವಾಪಸು ಮಾಡಬೇಕಿತ್ತು. ಇಲ್ಲಿ ಹುಡುಗನಿಗೆ ಯಾವ ಊರು, ಯಾವ ಕೋಚು ಎಂದು ಆರಿಸುವ ಹಕ್ಕಿಲ್ಲ. ಕೊಂಡ ಮೇಲೆ ಗಾಯದ ಕಾರಣವಿಲ್ಲದೆ ಬರುವುದಿಲ್ಲ ಎಂದರೆ ಎರಡು ವರ್ಷ ನಿಷೇಧ ಎಂದು 2024ರಲ್ಲಿ ನಿಯಮವೂ ಬಂತು. ಬೆಲೆಯೋ, ಅದು ಆ ಎರಡು ನಿಮಿಷದಲ್ಲಿ ಯಾರ ಚೀಲದಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ. 2015ರಲ್ಲಿ ಕೊಡಗಿನ ಕೆ.ಸಿ. ಕಾರ್ಯಪ್ಪ, ಮೂಲ ಬೆಲೆ 10 ಲಕ್ಷ, ಒಂದು ರಣಜಿ ಪಂದ್ಯವನ್ನೂ ಆಡಿರದ ಇಪ್ಪತ್ತರ ಹುಡುಗ. ಕೋಲ್ಕತ್ತದವರು 2 ಕೋಟಿ 40 ಲಕ್ಷ ಕೊಟ್ಟರು. ಆ ವರ್ಷ ಆಡಿಸಿದ್ದು ಒಂದೇ ಪಂದ್ಯ. ಮುಂದಿನ ವರ್ಷ ಬಿಟ್ಟುಬಿಟ್ಟರು, ಪಂಜಾಬಿನವರು 80 ಲಕ್ಷಕ್ಕೆ ತೆಗೆದುಕೊಂಡರು. 2021ರಲ್ಲಿ ನಮ್ಮವರೇ ಆದ ಕೃಷ್ಣಪ್ಪ ಗೌತಮ್ ಅವರಿಗೆ ಚೆನ್ನೈ ತಂಡ 9 ಕೋಟಿ 25 ಲಕ್ಷ ಕೊಟ್ಟು ಇಡೀ ಸೀಸನ್ ಬೆಂಚಿನಲ್ಲಿ ಕೂರಿಸಿತು. ಮರುವರ್ಷ ಅವರ ಬೆಲೆ 90 ಲಕ್ಷ. ಬೌಲಿಂಗ್ ಒಂದು ವರ್ಷದಲ್ಲಿ ಹತ್ತು ಪಾಲು ಕೆಟ್ಟಿತೇ? ಬೌಲಿಂಗ್ ಯಾರೂ ನೋಡಿಯೇ ಇರಲಿಲ್ಲ! ಹೀಗೆ ಬೆಲೆ ಬಿದ್ದಾಗ ನಾವು "ನೋಡಿ, ದುಡ್ಡು ಬಂದು ಕೆಟ್ಟ" ಎನ್ನುತ್ತೇವೆ.

ಮಗಳ ಮನೆಗೆ ನ್ಯೂಜೆರ್ಸಿಗೆ ಹೋದಾಗ ಅಳಿಯ ಬೇಸ್‌ಬಾಲ್ ತೋರಿಸಲು ಕರೆದುಕೊಂಡು ಹೋಗಿದ್ದ. ಆಟ ಅರ್ಧ ಅರ್ಥವಾಯಿತು, ಲೆಕ್ಕ ಪೂರ್ತಿ ಅರ್ಥವಾಯಿತು. ಅಲ್ಲಿಯೂ ಹದಿನೆಂಟರ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸುತ್ತವೆ. ಆದರೆ ಹುಡುಗ ಒಲ್ಲೆ ಎಂದು ಕಾಲೇಜಿಗೆ ಹೋಗಿ, ಕೆಲವು ವರ್ಷದ ಮೇಲೆ ಮತ್ತೆ ಬರಬಹುದು. ಒಪ್ಪಿದರೆ ಸಹಿ ಹಾಕಿದ್ದಕ್ಕೆಂದೇ ಒಂದು ಮೊತ್ತ, ಸೈನಿಂಗ್ ಬೋನಸ್. ಅದು ಮುಂದೆ ಆಡಿದರೂ ಅವನದ್ದು, ಆಡದಿದ್ದರೂ ಅವನದ್ದು. 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬ್ರಿಯೆನ್ ಟೇಲರ್ ಎಂಬ ಹುಡುಗನಿಗೆ ಹದಿನೈದೂವರೆ ಲಕ್ಷ ಡಾಲರ್ ಕೊಟ್ಟಿತು. ಎರಡು ವರ್ಷದ ನಂತರ ಒಂದು ಜಗಳದಲ್ಲಿ ಅವನ ಭುಜ ಮುರಿಯಿತು, ದೊಡ್ಡ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಹಣವನ್ನು ಯಾರೂ ವಾಪಸು ಕೇಳಲಿಲ್ಲ. ಹೈಸ್ಕೂಲಿನಿಂದ ನೇರ ಬಂದ ಹುಡುಗರಿಗೆ ಮುಂದೆ ಯಾವಾಗಲಾದರೂ ಓದುವೆನೆಂದರೆ ಕಾಲೇಜಿನ ಫೀಸು ಕೊಡುವ ಕರಾರನ್ನೂ ತಂಡಗಳು ಮಾಡಿಕೊಳ್ಳುತ್ತವೆ. ಅಮೆರಿಕದವರೇನು ಧರ್ಮರಾಯರಲ್ಲ. ಡೊಮಿನಿಕನ್ ರಿಪಬ್ಲಿಕ್ ಎಂಬ ಬಡ ದೇಶದಿಂದ ಹದಿನಾರು ವರ್ಷದವರನ್ನು ಕೊಳ್ಳುವಾಗ ನಡುವೆ ದಲ್ಲಾಳಿಗಳು ನಿಂತು ಬೋನಸ್ಸಿನ ದೊಡ್ಡ ಪಾಲು ಹೊಡೆಯುತ್ತಾರೆ. 2008ರಲ್ಲಿ ನಮ್ಮ ದೇಶದಲ್ಲೇ ಒಂದು ಸ್ಪರ್ಧೆ ನಡೆಸಿ, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆಯುವ ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬವರನ್ನು, ಪಿಟ್ಸ್‌ಬರ್ಗ್ ತಂಡಕ್ಕೆ ಸೇರಿಸಿಕೊಂಡರು. ಇಬ್ಬರಿಗೂ ಸಣ್ಣದೊಂದು ಬೋನಸ್. ಬೇಸ್‌ಬಾಲ್ ಹಿಡಿದೇ ಅರಿಯದ ಹುಡುಗರು, ಅಷ್ಟಾದರೂ ಕೊಟ್ಟರು ಅನ್ನಿ. ಆ ರಿಂಕು ಸಿಂಗ್ ಭದೋಹಿ ಜಿಲ್ಲೆಯವನು. ಯಶಸ್ವಿ ಜೈಸ್ವಾಲ್ ಕೂಡ ಅದೇ ಭದೋಹಿಯವನು. ಹತ್ತು ಹನ್ನೊಂದರ ಪ್ರಾಯದಲ್ಲಿ ಮುಂಬಯಿಗೆ ಬಂದು ಆಜಾದ್ ಮೈದಾನದ ಡೇರೆಯಲ್ಲಿ ಮಲಗಿ, ಪಾನಿಪುರಿ ಮಾರಿ, 2019ರ ಡಿಸೆಂಬರಿನಲ್ಲಿ ಹದಿನೇಳಕ್ಕೆ 2 ಕೋಟಿ 40 ಲಕ್ಷ ಪಡೆದವನು. ಡೇರೆಯಲ್ಲಿ ಮಲಗಿದ ಆ ವರ್ಷಗಳ ಬಾಡಿಗೆ ಅಂತ ತಿಳಿದರೂ ಅದೇನು ಹೆಚ್ಚಲ್ಲ.

ಬ್ಯಾಂಕಿನ ವಿಷಯ ನಾನು ಹೇಳದೆ ಮತ್ತೆ ಯಾರು ಹೇಳಬೇಕು? ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಟಗಾರನಿಗೆ ಸೈನಿಂಗ್ ಬೋನಸ್ ಎಂದರೆ ನೌಕರಿ. ಅಜಿತ್ ವಾಡೇಕರ್, ನಮ್ಮ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿ. ಗಾವಸ್ಕರ್ ನಿರ್ಲಾನಿನಲ್ಲಿ. ವೆಂಗ್‌ಸರ್ಕರ್ ಟಾಟಾದಲ್ಲಿ. ಅಷ್ಟು ದೊಡ್ಡವರಲ್ಲದ ಎಷ್ಟೋ ನೂರು ಮಂದಿ ಬ್ಯಾಂಕು, ರೈಲ್ವೆ, ಪೋರ್ಟ್ ಟ್ರಸ್ಟುಗಳಲ್ಲಿ ಗುಮಾಸ್ತರಾಗಿದ್ದುಕೊಂಡು ಟೈಮ್ಸ್ ಶೀಲ್ಡ್ ಆಡಿದರು. ಹನ್ನೊಂದು ಗಂಟೆಗೆ ಬಂದು ರಿಜಿಸ್ಟರಿಗೆ ಸಹಿ ಹಾಕಿ ಮೈದಾನಕ್ಕೆ ಹೋಗುವ ಸಹೋದ್ಯೋಗಿಯ ಮೇಲೆ ನಾವು, ಲೆಡ್ಜರಿನಲ್ಲಿ ತಲೆ ಹುದುಗಿಸಿಕೊಂಡವರು, ಹೊಟ್ಟೆ ಉರಿಸಿಕೊಂಡದ್ದೂ ಉಂಟು. ನಮ್ಮ ಶಾಖೆಯಲ್ಲೊಬ್ಬ ವೇಗದ ಬೌಲರ್ ಇದ್ದ. ಇಪ್ಪತ್ತಾರಕ್ಕೆ ಮೊಣಕಾಲು ಹೋಯಿತು. ಹೋದ ಮರುದಿನದಿಂದ ಕ್ಯಾಶ್ ಕೌಂಟರಿನಲ್ಲಿ ಕೂತ, ಅರವತ್ತರ ತನಕ ಕೂತ. ಮನೆ ಸಾಲ ತೀರಿತು, ಮಗಳು ಇಂಜಿನಿಯರಾದಳು, ಈಗ ಪಿಂಚಣಿ ಬರುತ್ತಿದೆ. ಆ ಮೊಣಕಾಲಿಗೆ ಸಿಕ್ಕ ಮೊತ್ತವನ್ನು ಇವತ್ತಿನ ಬೆಲೆಯಲ್ಲಿ ಲೆಕ್ಕ ಹಾಕಿದರೆ ಕೋಟಿ ದಾಟುತ್ತದೆ. ಮೂವತ್ತನಾಲ್ಕು ವರ್ಷಕ್ಕೆ ಹಂಚಿ ಕೊಟ್ಟದ್ದರಿಂದ ನಮ್ಮ ಕಣ್ಣಿಗೆ ಬೀಳಲಿಲ್ಲ.

ಆ ನೌಕರಿಗಳು ಈಗ ಎಲ್ಲಿವೆ? ಕರಾವಳಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕುಗಳೇ ಹೆಸರು ಕಳೆದುಕೊಂಡವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಹೋಯಿತು. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಉಳಿದ ಕಚೇರಿಗಳಲ್ಲೂ ಕ್ರೀಡಾ ಕೋಟಾದ ಬಾಗಿಲು ಮೊದಲಿನಷ್ಟು ಅಗಲವಿಲ್ಲ. ಮುಲುಂಡಿನ ಪ್ರವೀಣ್ ತಾಂಬೆಯವರ ಕಥೆ ನೋಡಿ. ಕಂಪನಿ ಕೆಲಸ ಮಾಡುತ್ತ, ಕ್ಲಬ್ಬಿಗೆ ಆಡುತ್ತ, ರಣಜಿಯ ಮುಖ ನೋಡದೆ ನಲವತ್ತು ದಾಟಿದರು. 2013ರಲ್ಲಿ ನಲವತ್ತೊಂದಕ್ಕೆ ರಾಜಸ್ಥಾನ ತಂಡ ಕರೆಯಿತು, 2014ರಲ್ಲಿ ಹ್ಯಾಟ್ರಿಕ್ ತೆಗೆದರು, 2022ರಲ್ಲಿ ಅವರ ಮೇಲೆ ಹಿಂದಿ ಸಿನಿಮಾ ಬಂತು. ಎಲ್ಲರೂ ಅವರ ಛಲವನ್ನು ಹೊಗಳುತ್ತಾರೆ. ನಾನು ಅವರ ಮನೆಗೆ ತಿಂಗಳ ಕೊನೆಗೆ ಸಂಬಳ ಕೊಟ್ಟ ಕಂಪನಿಗಳನ್ನೂ ಹೊಗಳುತ್ತೇನೆ. ಸಂಬಳವಿಲ್ಲದೆ ಇಪ್ಪತ್ತು ವರ್ಷದ ಛಲವನ್ನು ಮುಂಬಯಿಯಲ್ಲಿ ಯಾರೂ ಸಾಕಲಾರರು. ಇವತ್ತು ಹತ್ತೊಂಬತ್ತರ ಹುಡುಗನಿಗೆ ಐಪಿಎಲ್ ಸಿಗದೆ ಬರೀ ರಣಜಿ ಸಿಕ್ಕಿದರೆ, ಹೊಸಬನಿಗೆ ದಿನಕ್ಕೆ 40,000. ಲೀಗಿನ ಏಳು ಪಂದ್ಯವನ್ನೂ ಆಡಿದರೆ ವರ್ಷಕ್ಕೆ ಹನ್ನೊಂದು ಲಕ್ಷ ಚಿಲ್ಲರೆ, ಕೂತರೆ ಅದರ ಅರ್ಧ. ಆ ರಣಜಿ ಕೂಡ ಸಿಗದವರೇ ಹೆಚ್ಚು. ಹಾಗಿರುವಾಗ ಒಂದೇ ಸಲ ಬಂದ ದೊಡ್ಡ ಮೊತ್ತ ಅವನ ಸಂಬಳವೂ ಹೌದು, ಪ್ರಾವಿಡೆಂಟ್ ಫಂಡೂ ಹೌದು, ಮೊಣಕಾಲಿನ ವಿಮೆಯೂ ಹೌದು.

ನನ್ನ ತಕರಾರು ಆ ಮೊತ್ತ ಯಾರ ಹೆಸರಿನಲ್ಲಿ, ಯಾವ ಷರತ್ತಿನಲ್ಲಿ ಬರುತ್ತದೆ ಎಂಬುದರ ಬಗ್ಗೆ. ಎಂ.ಕಾಂ.ನಲ್ಲಿ ಮರ್ಕೆಂಟೈಲ್ ಲಾ ಓದಿದವರೆಲ್ಲರಿಗೂ 1903ರ ಮೊಹೊರಿ ಬೀಬಿ ಕೇಸು ಬಾಯಿಪಾಠ. ಹದಿನೆಂಟು ತುಂಬದವನ ಕರಾರು ಕರಾರೇ ಅಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿಬಿಟ್ಟಿತು. ನಮ್ಮ ಬೊಂಬಾಯಿ ಹೈಕೋರ್ಟಿನದ್ದೇ ಇನ್ನೊಂದಿದೆ, ರಾಜ್ ರಾಣಿ ಮತ್ತು ಪ್ರೇಮ್ ಅದೀಬ್ ಕೇಸು. ಅಪ್ರಾಪ್ತ ಹುಡುಗಿಯ ಪರವಾಗಿ ತಂದೆ ಸಿನಿಮಾ ನಿರ್ಮಾಪಕನೊಡನೆ ಮಾಡಿಕೊಂಡ ಕರಾರು. ನಿರ್ಮಾಪಕ ಕೆಲಸದಿಂದ ತೆಗೆದಾಗ ಹುಡುಗಿ ಕೋರ್ಟಿಗೆ ಹೋದಳು. ಕರಾರು ಶೂನ್ಯ ಎಂದಿತು ಕೋರ್ಟು. ಹುಡುಗಿಯನ್ನು ಕಾಪಾಡಲೆಂದು ಇದ್ದ ತತ್ವವೇ ಹುಡುಗಿಯ ಕೈ ಬಿಟ್ಟಿತು. ಅಂದರೆ ಅಪ್ರಾಪ್ತ ದುಡಿಯುವವನು ನಮ್ಮ ಕಾನೂನಿನಲ್ಲಿ ಬಹುಪಾಲು ಧಣಿಯ ದಯೆಯ ಮೇಲೇ ಇರುತ್ತಾನೆ. ಆದಾಯ ತೆರಿಗೆಯವರು ಮಾತ್ರ ಈ ವಿಷಯದಲ್ಲಿ ಬಹಳ ಸ್ಪಷ್ಟ. ಮಕ್ಕಳ ಬಡ್ಡಿ ಗಿಡ್ಡಿ ತಂದೆತಾಯಿಯ ಲೆಕ್ಕಕ್ಕೆ, ಆದರೆ ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ಮಗುವಿನದ್ದೇ ಆದಾಯ ಎಂದು 1961ರ ಕಾಯ್ದೆಯ 64ನೇ ಕಲಮು ಹೇಳುತ್ತಿತ್ತು. ಒಂದು ಕೋಟಿ ಹತ್ತು ಲಕ್ಷದಲ್ಲಿ ಸುಮಾರು ಮೂರನೇ ಒಂದು ಪಾಲು ತೆರಿಗೆಗೆ ಹೋಗುತ್ತದೆ, ಆಗ ಅದು ಹುಡುಗನ ಹಣ. ಮಿಕ್ಕ ಎರಡು ಪಾಲು?

ಇದಕ್ಕೊಂದು ದಾರಿ ನಮ್ಮ ಪುಸ್ತಕದಲ್ಲೇ ಉಂಟು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಮಾಡಿದಾಗ ಸಿನಿಮಾ, ಜಾಹೀರಾತು, ಸರ್ಕಸ್ ಬಿಟ್ಟು ಉಳಿದ ಮನರಂಜನೆ, ಕ್ರೀಡೆ, ಇವುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳಿಗೆ ವಿನಾಯಿತಿ ಕೊಟ್ಟರು. 2017ರ ನಿಯಮದಲ್ಲಿ ಅಂಥ ಬಾಲಕಲಾವಿದನ ಗಳಿಕೆಯ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವನದ್ದೇ ಹೆಸರಿನ ಫಿಕ್ಸೆಡ್ ಡಿಪಾಜಿಟ್ಟಿಗೆ ಹಾಕಿ, ಪ್ರಾಪ್ತ ವಯಸ್ಕನಾದಾಗ ಕೊಡಬೇಕು ಎಂದರು. ಬಹಳ ಒಳ್ಳೆಯ ನಿಯಮ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾಕಿ ಕೂಗನ್ ಎಂಬ ಬಾಲನಟನ ಗಳಿಕೆಯನ್ನೆಲ್ಲ ಮನೆಯವರೇ ಮುಗಿಸಿದ ಮೇಲೆ 1939ರಲ್ಲಿ ಇಂಥದ್ದೇ ಕಾನೂನು ಬಂದಿತ್ತು. ಆದರೆ ನಮ್ಮದರಲ್ಲಿ ವಯಸ್ಸಿನ ಗೆರೆ ನೋಡಿ. ಸೂರ್ಯವಂಶಿ ಹುಡುಗನಿಗೆ ಹದಿನಾಲ್ಕು ತುಂಬಿದ್ದು 2025ರ ಮಾರ್ಚ್ 27ಕ್ಕೆ. ಪಂದ್ಯಾವಳಿ ಶುರುವಾದದ್ದು ಮಾರ್ಚ್ 22ಕ್ಕೆ. ಐದೇ ದಿನಕ್ಕೆ ಅವನು ಆ ಗೆರೆ ದಾಟಿದ. ಹದಿನಾಲ್ಕರಿಂದ ಇಪ್ಪತ್ತೊಂದರ ವರೆಗೆ, ಹುಡುಗರ ಬಳಿ ನಿಜವಾಗಿ ಹಣ ಬರುವ ಪ್ರಾಯದಲ್ಲಿ, ಕಾಯುವವರು ಯಾರೂ ಇಲ್ಲ. ಇಪ್ಪತ್ತೊಂದರೊಳಗಿನ ಯಾರೇ ಆಗಲಿ, ಹರಾಜಿನ ಮೊತ್ತದ ಅರ್ಧ ನೇರ ಅವನ ಹೆಸರಿನ ಡಿಪಾಜಿಟ್ಟಿಗೆ ಹೋಗಬೇಕು. ತಂದೆಗೆ, ಏಜೆಂಟನಿಗೆ ಮುರಿಯುವ ಹಕ್ಕಿರಬಾರದು. ಕಷ್ಟವೇನೂ ಅಲ್ಲ. ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ 18 ಕೋಟಿಗಿಂತ ಹೆಚ್ಚು ಕೊಡಬಾರದೆಂದು ಮಂಡಳಿಯೇ ನಿಯಮ ಮಾಡಿದೆ. 2025ರ ಡಿಸೆಂಬರಿನಲ್ಲಿ ಕ್ಯಾಮರೂನ್ ಗ್ರೀನ್ ಅವರ ಕೂಗು 25 ಕೋಟಿ 20 ಲಕ್ಷಕ್ಕೆ ನಿಂತರೂ ಅವರಿಗೆ 18, ಮಿಕ್ಕದ್ದು ಆಟಗಾರರ ಕಲ್ಯಾಣಕ್ಕೆ. ದೊಡ್ಡವರ ಹಣ ತೆಗೆದಿಡಲು ಬರುವವರಿಗೆ ಚಿಕ್ಕವರ ಹಣ ಚಿಕ್ಕವರಿಗಾಗಿಯೇ ತೆಗೆದಿಡಲು ಬರುವುದಿಲ್ಲವೇ?

ಇನ್ನೊಂದು, ಹುಡುಗನನ್ನು ತಿದ್ದಿದ ಮೊದಲ ಗುರುವಿಗೆ ಏನೂ ಇಲ್ಲ. ಫುಟ್‌ಬಾಲಿನಲ್ಲಿ ಆಟಗಾರ ತಂಡ ಬದಲಿಸಿದಾಗ ಕೊಟ್ಟ ಹಣದ ಶೇಕಡಾ 5, ಅವನನ್ನು ಹನ್ನೆರಡರಿಂದ ಇಪ್ಪತ್ತಮೂರರ ವರೆಗೆ ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು ಎಂದು ಫಿಫಾದ ನಿಯಮ. ಇಲ್ಲಿ ಮೈದಾನದ ಮೂಲೆಯಲ್ಲಿ ನೆಟ್ ಕಟ್ಟಿಕೊಂಡು ಮೂವತ್ತು ವರ್ಷ ಬಿಸಿಲಲ್ಲಿ ನಿಂತ ಕೋಚಿಗೆ ಪತ್ರಿಕೆಯಲ್ಲಿ ಒಂದು ಫೋಟೋ.

2025ರ ಏಪ್ರಿಲ್ 28ರ ರಾತ್ರಿ ಆ ಹುಡುಗ ಜೈಪುರದಲ್ಲಿ ಗುಜರಾತ್ ತಂಡದ ವಿರುದ್ಧ 35 ಚೆಂಡಿನಲ್ಲಿ ನೂರು ಹೊಡೆದಾಗ ನಾನು ಅಣ್ಣನ ಮನೆಯಲ್ಲಿದ್ದೆ. ಅಣ್ಣನಿಗೆ ಎಪ್ಪತ್ತೊಂದು, ಕಿವಿ ಸ್ವಲ್ಪ ಮಂದ. ಟಿವಿಯವರು ಕೂಗುತ್ತಿದ್ದುದು ಅವನಿಗೆ ಕೇಳುತ್ತಿರಲಿಲ್ಲ, ಆದರೂ ಸಿಕ್ಸರಿಗೊಮ್ಮೆ ನಗುತ್ತಿದ್ದ. ಆಮೇಲೆ ಕೇಳಿದ, "ಆ ಮಾಣಿಗೆ ದುಡ್ಡು ಕೈಗೆ ಕೊಡ್ತ್ರಾ, ಧಣಿ ಹತ್ರವೇ ಇಟ್ಕಂತ್ರಾ?" ಕಂತಿನಲ್ಲಿ ಕೊಡ್ತಾರೆ ಅಂದೆ. "ಕಂತಾ?" ಎಂದು ಮತ್ತೆ ಟಿವಿ ನೋಡಿದ.

ಈಗ ನಮ್ಮ ಕಟ್ಟಡದ್ದೇ ಒಂದು ವಿಷಯ. ಮೂರನೇ ಮಾಳಿಗೆಯಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ ಒಂದು ಕುಟುಂಬ, ತಂದೆಗೆ ಥಾಣೆಯಲ್ಲಿ ಖಾಸಗಿ ನೌಕರಿ. ಮಗನಿಗೆ ಹನ್ನೆರಡು ವರ್ಷ, ಲೆಗ್ ಸ್ಪಿನ್ ಹಾಕುತ್ತಾನೆ. ಬೆಳಿಗ್ಗೆ ಐದೂವರೆಯ ಲೋಕಲಿಗೆ ತನ್ನಷ್ಟೇ ಎತ್ತರದ ಕಿಟ್ ಬ್ಯಾಗು ಎತ್ತಿಕೊಂಡು ಲಗೇಜ್ ಡಬ್ಬಿ ಹತ್ತುತ್ತಾನೆ, ಆಜಾದ್ ಮೈದಾನಕ್ಕೆ. ನನ್ನ ನೋಡಿದರೆ "ಅಜ್ಜಾ" ಅನ್ನುತ್ತಾನೆ. ಕಳೆದ ವಾರ ಅವನ ತಂದೆ ನಾಲ್ಕು ಪುಟದ ಕಾಗದ ಹಿಡಿದು ಬಂದರು. "ಸರ, ನೀವು ಬ್ಯಾಂಕಿನ್ಯಾಗ ಇದ್ದವ್ರು, ಒಮ್ಮೆ ನೋಡ್ರಿ" ಅಂದರು. ಆಟಗಾರರ ವ್ಯವಹಾರ ನೋಡಿಕೊಳ್ಳುವವರೊಬ್ಬರು ಈಗಲೇ ಎರಡು ಲಕ್ಷ ಕೊಡುತ್ತಾರಂತೆ. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಕ್ರಿಕೆಟ್ಟಿನಿಂದ ಬರುವ ಎಲ್ಲ ಗಳಿಕೆಯಲ್ಲಿ ಶೇಕಡಾ 30 ಅವರಿಗೆ. ಮಧ್ಯದಲ್ಲಿ ಬಿಟ್ಟರೆ ಎರಡು ಲಕ್ಷಕ್ಕೆ ತಿಂಗಳಿಗೆ ಎರಡು ಪರ್ಸೆಂಟ್ ಬಡ್ಡಿ. ಸಹಿ ತಂದೆಯದ್ದು.

ಹುಡುಗನ ಮಟ್ಟಿಗೆ ಈ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಬಡ್ಡಿಯ ಮಾತು ಮಾತ್ರ ನಿಮ್ಮ ಕುತ್ತಿಗೆಗೆ ಬರುತ್ತದೆ, ಸಹಿ ಮಾಡಬೇಡಿ ಎಂದು ಹೇಳಿದೆ. ಮೊಹೊರಿ ಬೀಬಿಯನ್ನೂ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ಅದೆಲ್ಲ ಖರೇ ಸರ. ಒಂದ್ ಛಲೋ ಬ್ಯಾಟಿಗೆ ಮೂವತ್ತು ನಲವತ್ತು ಸಾವಿರ ಆಗ್ತದ, ಕೋಚಿಂಗ್ ಫೀಸು ಮೂರು ತಿಂಗಳದ್ದು ಬಾಕಿ ಅದ. ನೀವು ಹೇಳಿದ ನೌಕ್ರಿ ಕೊಡೋ ಬ್ಯಾಂಕು ಈಗ ಯಾವ್ದದ ಹೇಳ್ರಿ?" ಎಂದು ಕೇಳಿದರು. ನನ್ನ ಬಳಿ ಯಾವ ಹೆಸರೂ ಇರಲಿಲ್ಲ. ಎರಡು ದಿನ ಇಟ್ಟುಕೊಂಡು ಓದುತ್ತೇನೆ ಎಂದು ಕಾಗದವನ್ನು ತೆಗೆದುಕೊಂಡೆ. ಈಗ ಎಂಟು ದಿನವಾಯಿತು, ಕಪಾಟಿನಲ್ಲಿದೆ. ಅವರು ವಾಪಸು ಕೇಳಲು ಬಂದಿಲ್ಲ. ಇನ್ನೊಂದು ಪ್ರತಿ ಅವರ ಬಳಿ ಇದೆಯೋ ಏನೋ. ಹುಡುಗ ನಿನ್ನೆ ಲಿಫ್ಟಿನಲ್ಲಿ ಸಿಕ್ಕ, ಕೈಯಲ್ಲಿ ಹೊಸ ಬ್ಯಾಟು ಇತ್ತು.